ಅರಮನೆಯ ಚರಿತ್ರೆ ಬರೆದ ಗುರು: ಅಲೆಕ್ಸಿಸ್ ಕಗಾಮೆ

ಡಿಸೆಂಬರ್ 2 ಆಫ್ರಿಕಾದ ರುವಾಂಡ ದೇಶದ ಗುರು, ವಿದ್ವಾಂಸ ಅಲೆಕ್ಸಿಸ್ ಕಗಾಮೆ ಸ್ವಾಮಿಯವರು ತೀರಿಕೊಂಡ ದಿನ. ಚರಿತ್ರೆ ಒಂದು ಜನಕ್ಕೆ ಅನ್ನವೂ ಆಗಬಹುದು, ವಿಷವೂ ಆಗಬಹುದು ಎಂಬುದನ್ನು ಅವರ ಬದುಕು ತೋರಿಸುವುದರಿಂದ ಈ ತಿಂಗಳು ಅವರನ್ನು ನೆನೆಯುತ್ತೇವೆ.

1912ರಲ್ಲಿ ಹುಟ್ಟಿದ ಅವರದು ಅರಮನೆಯ ಚರಿತ್ರೆಯನ್ನು ಬಾಯಿಪಾಠವಾಗಿ ಕಾಪಾಡಿಕೊಂಡು ಬಂದ ಟುಟ್ಸಿ ಮನೆತನ. ನ್ಯಾಕಿಬಂಡ ಗುರುಮಠದಲ್ಲಿ ಓದಿ 1941ರಲ್ಲಿ ಗುರುದೀಕ್ಷೆ ಪಡೆದರು. ಕಿನ್ಯಮಟೆಕ ಎಂಬ ಕಥೋಲಿಕ ಪತ್ರಿಕೆಯ ಸಂಪಾದಕರಾದರು. ಹಿರಿಯರ ಬಳಿ ಕುಳಿತು ರಾಜವಂಶಾವಳಿ, ವೀರಗೀತೆ, ದನಗಳ ಹಾಡುಗಳನ್ನು ಬರೆದಿಟ್ಟರು. ದೊರೆ ಮುತಾರ ರುದಾಹಿಗ್ವ ಅವರ ಅನುಮತಿಯಿಂದ ಅರಮನೆಯ ಗುಪ್ತ ವಿಧಿಗಳನ್ನೂ ದಾಖಲಿಸಿಕೊಂಡರು. ಸೃಷ್ಟಿಕರ್ತನ ಮಹಿಮೆಯನ್ನು ತಮ್ಮ ನಾಡಿನ ಕಾವ್ಯರೀತಿಯಲ್ಲೇ ಹಾಡಿದರು. ಹಳೆಯ ರಾಜ್ಯವ್ಯವಸ್ಥೆಯ ಬಗ್ಗೆ 1952ರಲ್ಲಿ ಅವರು ಬರೆದ ಪುಸ್ತಕ ಬೆಲ್ಜಿಯಂ ಅಧಿಕಾರಿಗಳಿಗೆ ಹಿಡಿಸಲಿಲ್ಲ. ಅವರನ್ನು ರೋಮಿಗೆ ಕಳುಹಿಸಲಾಯಿತು. ಅಲ್ಲಿ ಗ್ರೆಗೋರಿಯನ್ ವಿಶ್ವವಿದ್ಯಾಲಯದಲ್ಲಿ ತಾಯ್ನುಡಿಯ ವ್ಯಾಕರಣದಿಂದಲೇ ತತ್ವಶಾಸ್ತ್ರ ಕಟ್ಟಿ ಡಾಕ್ಟರೇಟ್ ಪಡೆದರು.

ಆದರೆ ಈ ಕಥೆಗೆ ಇನ್ನೊಂದು ಮುಖವಿದೆ. ಹುಟು, ಟುಟ್ಸಿ, ತ್ವಾ ಜನರಾಡುವುದು ಒಂದೇ ಭಾಷೆ. ವಾಸ ಒಂದೇ ಗುಡ್ಡಗಳಲ್ಲಿ. ಕುಲದ ಹೆಸರುಗಳೂ ಒಂದೇ. ಟುಟ್ಸಿಗಳು ಉತ್ತರದಿಂದ ಬಂದವರು, ಆಳಲೆಂದೇ ಹುಟ್ಟಿದವರು ಎಂದು ಯೂರೋಪಿನವರು ಹೇಳಿದರು. 1930ರ ದಶಕದಲ್ಲಿ ಬೆಲ್ಜಿಯಂ ಸರಕಾರ ಗುರುತಿನ ಚೀಟಿಯಲ್ಲೇ ಜನಾಂಗವನ್ನು ನಮೂದಿಸಿತು. ಕಗಾಮೆಯವರು ಬರೆದದ್ದು ಬಹುಮಟ್ಟಿಗೆ ಅರಮನೆ ನೆನಪಿಟ್ಟ ಚರಿತ್ರೆ. ಹುಟು ರೈತರ ನೆನಪಿಗೆ ಅದರಲ್ಲಿ ಹೆಚ್ಚು ಜಾಗ ಸಿಗಲಿಲ್ಲ. 1959ರ ದಂಗೆಯ ಹೊತ್ತಿಗೆ ಅದೇ ಕಥೆ ತಿರುಗುಬಾಣವಾಯಿತು: ಹೊರಗಿನಿಂದ ಬಂದವರಾದರೆ ಹೊರಗೇ ಹೋಗಲಿ ಎಂಬ ಮಾತು ಹುಟ್ಟಿತು. ಸಾವಿರಾರು ಟುಟ್ಸಿಗಳು ದೇಶ ಬಿಟ್ಟರು. 1962ರಲ್ಲಿ ಸ್ವಾತಂತ್ರ್ಯ ಬಂದರೂ ಚೀಟಿಯ ಆ ಸಾಲು ಅಳಿಯಲಿಲ್ಲ.

ಕಗಾಮೆಯವರು ದೇಶದಲ್ಲೇ ಉಳಿದು ಪಾಠ ಹೇಳಿದರು, ಬರೆದರು. 1981ರಲ್ಲಿ ನೈರೋಬಿಯಲ್ಲಿ ತೀರಿಕೊಂಡರು. 1994ರಲ್ಲಿ ಸುಮಾರು 100 ದಿನಗಳಲ್ಲಿ ಲಕ್ಷಾಂತರ ಟುಟ್ಸಿಗಳ ಕೊಲೆಯಾಯಿತು. ಆಶ್ರಯ ಬೇಡಿ ಬಂದವರು ಚರ್ಚುಗಳೊಳಗೇ ಸತ್ತರು. ಕೊಂದವರಲ್ಲೂ ದೀಕ್ಷಾಸ್ನಾನ ಪಡೆದವರಿದ್ದರು. 2017ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಧರ್ಮಸಭೆಯ ಮತ್ತು ಅದರ ಸದಸ್ಯರ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು.

ಆ ಪಾಪವನ್ನು ಕಗಾಮೆ ಸ್ವಾಮಿಯವರ ತಲೆಗೆ ಕಟ್ಟುವುದು ಸರಿಯಲ್ಲ. ಅವರು ಬರೆದಿಡದಿದ್ದರೆ ಎಷ್ಟೋ ಹಾಡು, ಎಷ್ಟೋ ನೆನಪು ಮಣ್ಣುಪಾಲಾಗುತ್ತಿತ್ತು. ಹಲವು ಭಾಷೆಗಳಲ್ಲಿ ಪೂಜೆ ನಡೆಯುವ ಧರ್ಮಪ್ರಾಂತ್ಯದಲ್ಲಿರುವ ನಾವೂ ನಮ್ಮ ಹಿರಿಯರ ಕಥೆಯನ್ನು ಮಕ್ಕಳಿಗೆ ಹೇಳಲೇಬೇಕು. ಹೇಳುವಾಗ ಪಕ್ಕದ ಬೆಂಚಿನಲ್ಲಿ ಕೂತವರ ಹಿರಿಯರಿಗೂ ಅದರಲ್ಲಿ ಜಾಗವಿದೆಯೇ ಎಂದು ಒಮ್ಮೆ ನೋಡಿಕೊಳ್ಳೋಣ. ಕಗಾಮೆ ಸ್ವಾಮಿಯವರಿಗೂ ರುವಾಂಡದ ಮೃತರೆಲ್ಲರಿಗೂ ಪ್ರಭು ನಿತ್ಯಶಾಂತಿ ನೀಡಲಿ.