ಕೂಪರ್ಸ್ ಹಿಲ್‌ನಿಂದ ಮುನಿರಾಬಾದಿಗೆ: ನವಾಬ್ ಅಲಿ ನವಾಜ್ ಜಂಗ್

ಗಂಗಾವತಿಯ ಭತ್ತದ ಗದ್ದೆಗಳಿಗೆ ನೀರುಣಿಸುವ ತುಂಗಭದ್ರಾ ಎಡದಂಡೆ ಕಾಲುವೆಯ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ 1945ರ ಶಂಕುಸ್ಥಾಪನೆಯಿಂದ ಆರಂಭಿಸುತ್ತಾರೆ. ಆ ಚರಿತ್ರೆಯ ಒಂದು ಎಳೆ ಅದಕ್ಕೂ ಅರ್ಧ ಶತಮಾನದಷ್ಟು ಹಿಂದಿನದು. 1896ರಲ್ಲಿ ಹೈದರಾಬಾದ್ ಸಂಸ್ಥಾನದ ಸರ್ಕಾರ ಇನ್ನೂ ಇಪ್ಪತ್ತು ತುಂಬದ ಯುವಕನೊಬ್ಬನಿಗೆ ಇಂಗ್ಲೆಂಡಿನಲ್ಲಿ ಎಂಜಿನಿಯರಿಂಗ್ ವ್ಯಾಸಂಗಕ್ಕೆಂದು ವಿದ್ಯಾರ್ಥಿವೇತನ ಮಂಜೂರು ಮಾಡಿತು. ಆತನ ಹೆಸರು ಮೀರ್ ಅಹ್ಮದ್ ಅಲಿ. ಮುಂದೆ ನಿಜಾಮರು ನೀಡಿದ ಬಿರುದಿನಿಂದ ನವಾಬ್ ಅಲಿ ನವಾಜ್ ಜಂಗ್ ಬಹಾದ್ದೂರ್ ಎಂದೇ ಪ್ರಸಿದ್ಧರಾದರು. ನೆರೆಯ ತೆಲಂಗಾಣ ಅವರ ಜನ್ಮದಿನವಾದ ಜುಲೈ 11ನ್ನು ಎಂಜಿನಿಯರುಗಳ ದಿನವನ್ನಾಗಿ ಆಚರಿಸುತ್ತದೆ. ಕರ್ನಾಟಕದಲ್ಲಿ ಸೆಪ್ಟೆಂಬರ್ 15ರ ವಿಶ್ವೇಶ್ವರಯ್ಯನವರ ಸ್ಮರಣೆಯ ಪ್ರಭೆಯಲ್ಲಿ, ಅವರ ಜೊತೆಗೂಡಿ ದುಡಿದ ಈ ಕಿರಿಯ ಸಮಕಾಲೀನರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ.

1877ರಲ್ಲಿ ಹೈದರಾಬಾದಿನಲ್ಲಿ ಜನಿಸಿದ ಅಹ್ಮದ್ ಅಲಿಯವರ ತಂದೆ ಸಂಸ್ಥಾನದ ಕಚೇರಿಯೊಂದರಲ್ಲಿ ಉದ್ಯೋಗಿಯಾಗಿದ್ದರು. ಸೇಂಟ್ ಜಾರ್ಜ್ ಗ್ರಾಮರ್ ಶಾಲೆ, ಮದರಸಾ-ಎ-ಆಲಿಯಾ, ಬಳಿಕ ನಿಜಾಮ್ ಕಾಲೇಜು, ಹೀಗೆ ಆ ಕಾಲದ ಹೈದರಾಬಾದಿನಲ್ಲಿ ದೊರೆಯಬಹುದಾಗಿದ್ದ ಉತ್ತಮ ಶಿಕ್ಷಣವೇ ಅವರಿಗೆ ದೊರೆಯಿತು. ಆದರೆ ಎಂಜಿನಿಯರಿಂಗ್‌ನಲ್ಲಿ ಉನ್ನತ ವ್ಯಾಸಂಗ ಮಾಡಬೇಕೆಂದರೆ ಸಂಸ್ಥಾನದ ಹೊರಗೆ ಹೋಗದೆ ವಿಧಿಯಿರಲಿಲ್ಲ. ಪ್ರತಿಭಾವಂತರನ್ನು ಸರ್ಕಾರದ ಖರ್ಚಿನಲ್ಲಿ ವಿಲಾಯತಿಗೆ ಕಳುಹಿಸುವ ಪದ್ಧತಿ ಹೈದರಾಬಾದಿನಲ್ಲಿ ಆಗಲೇ ಇತ್ತು. ಮುಂದೆ ಸರೋಜಿನಿ ನಾಯ್ಡು ಎಂದು ಖ್ಯಾತರಾದ ಸರೋಜಿನಿ ಚಟ್ಟೋಪಾಧ್ಯಾಯರು ನಿಜಾಮರ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ತೆರಳಿದ್ದು ಕೇವಲ ಒಂದು ವರ್ಷದ ಮುಂಚೆ, 1895ರಲ್ಲಿ.

ಅಹ್ಮದ್ ಅಲಿ ಸೇರಿದ್ದು ಕೂಪರ್ಸ್ ಹಿಲ್‌ನ ರಾಯಲ್ ಇಂಡಿಯನ್ ಎಂಜಿನಿಯರಿಂಗ್ ಕಾಲೇಜನ್ನು. ಥೇಮ್ಸ್ ನದಿಯ ದಂಡೆಯಿಂದ ಮೇಲೇರುವ ಗುಡ್ಡದ ಮೇಲೆ, ಎಗಮ್ ಪಟ್ಟಣದ ಸಮೀಪ ಈ ಕಾಲೇಜಿತ್ತು. ಗುಡ್ಡದ ಕೆಳಗಿನ ಹುಲ್ಲುಗಾವಲೇ 1215ರ ಮ್ಯಾಗ್ನಾ ಕಾರ್ಟಾ ಸನ್ನದಿಗೆ ಮುದ್ರೆ ಬಿದ್ದ ರನ್ನಿಮೀಡ್. ಭಾರತದ ಲೋಕೋಪಯೋಗಿ ಇಲಾಖೆಗೆ ಬೇಕಾದ ಎಂಜಿನಿಯರುಗಳನ್ನು ತಯಾರಿಸುವ ಏಕೈಕ ಉದ್ದೇಶದಿಂದ 1870ರ ದಶಕದ ಆರಂಭದಲ್ಲಿ ಸ್ಥಾಪಿತವಾದ ಸಂಸ್ಥೆಯಿದು. ವಿಪರ್ಯಾಸವೆಂದರೆ, ಭಾರತಕ್ಕಾಗಿಯೇ ಹುಟ್ಟಿದ ಈ ಕಾಲೇಜಿನಲ್ಲಿ ಭಾರತೀಯರ ಸಂಖ್ಯೆ ಬೆರಳೆಣಿಕೆಯಷ್ಟೇ. ಇಂಗ್ಲಿಷ್ ತರುಣರು ಇಲ್ಲಿ ಕಲಿತು ನಮ್ಮ ನದಿಗಳ ಮೇಲೆ ಅಧಿಕಾರಿಗಳಾಗಿ ಬರುತ್ತಿದ್ದರು. 1906ರಲ್ಲಿ ಕಾಲೇಜು ಮುಚ್ಚಿತು. ಹೈದರಾಬಾದಿನ ವಿದ್ಯಾರ್ಥಿ ಅಲ್ಲಿ ಹಲವು ವಿಷಯಗಳಲ್ಲಿ ಬಹುಮಾನಗಳನ್ನು ಗಳಿಸಿ, ವ್ಯಾಸಂಗ ಪೂರೈಸಿ 1899ರಲ್ಲಿ ತಾಯ್ನಾಡಿಗೆ ಮರಳಿ ನಿಜಾಮ್ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ಸೇವೆಗೆ ಸೇರಿದರು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ನಗರವನ್ನು ಕೊಚ್ಚಿಹಾಕಿತು. ಸಾವಿರಾರು ಜನ ಸತ್ತರು. ಪ್ರವಾಹ ನಿಯಂತ್ರಣಕ್ಕೆ ಉಪಾಯ ಸೂಚಿಸಲು 1909ರಲ್ಲಿ ಆಹ್ವಾನಿತರಾಗಿ ಬಂದವರು ವಿಶ್ವೇಶ್ವರಯ್ಯನವರು. ಮೂಸಿ ಮತ್ತು ಅದರ ಉಪನದಿ ಈಸಿಗೆ ಅಡ್ಡಲಾಗಿ ಎರಡು ಜಲಾಶಯಗಳು ಬೇಕೆಂದು ಅವರು ಸಲಹೆ ಮಾಡಿದರು. 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡವು. 1913ರಲ್ಲಿ ಇಲಾಖೆಯ ಕಾರ್ಯದರ್ಶಿಯಾಗಿ, 1918ರಲ್ಲಿ ಮುಖ್ಯ ಎಂಜಿನಿಯರ್ ಆಗಿ ಬಡ್ತಿ ಪಡೆದಿದ್ದ ಅಲಿ ನವಾಜ್ ಜಂಗ್ ಅವರ ಆಡಳಿತದಲ್ಲಿಯೇ ಈ ಕಾರ್ಯಗಳು ದಡ ಮುಟ್ಟಿದವು. ಮಂಜೀರಾ ನದಿಗೆ 1923ರಲ್ಲಿ ಆರಂಭಿಸಿ 1931ರಲ್ಲಿ ಮುಗಿಸಿದ ನಿಜಾಮ್ ಸಾಗರ ಅವರ ಅತಿ ದೊಡ್ಡ ಸಾಧನೆ. 2 ಲಕ್ಷ 75 ಸಾವಿರ ಎಕರೆಗೆ ನೀರುಣಿಸಲು ಉದ್ದೇಶಿಸಿದ ಈ ಯೋಜನೆ ನಿಜಾಮಾಬಾದ್ ಸೀಮೆಯ ಬದುಕನ್ನೇ ಬದಲಿಸಿತು. ಅದೇ ಕಾಲುವೆಯ ದಾರಿಯಲ್ಲಿರುವ ಅಲಿ ಸಾಗರ ಇವರ ಹೆಸರನ್ನೇ ಹೊತ್ತಿದೆ.

ಅವರ ಕೀರ್ತಿ ಸಂಸ್ಥಾನದ ಎಲ್ಲೆಯನ್ನೂ ಮೀರಿತ್ತು. ಸಿಂಧೂ ನದಿಯ ಸಕ್ಕರ್ ಬ್ಯಾರೇಜ್ ಕಾಮಗಾರಿಯನ್ನು ಪರಿಶೀಲಿಸಿ ವರದಿ ನೀಡಲು ಮುಂಬಯಿ ಸರ್ಕಾರ 1929ರಲ್ಲಿ ನೇಮಿಸಿದ್ದು ಇಬ್ಬರನ್ನು: ವಿಶ್ವೇಶ್ವರಯ್ಯ ಮತ್ತು ಅಲಿ ನವಾಜ್ ಜಂಗ್. ಬ್ರಿಟಿಷರು ಕಟ್ಟುತ್ತಿದ್ದ ಬೃಹತ್ ನೀರಾವರಿ ಕಾಮಗಾರಿಯೊಂದನ್ನು ಇಬ್ಬರು ಭಾರತೀಯರು ಪರೀಕ್ಷಿಸುವುದು ಆ ದಿನಗಳಲ್ಲಿ ಸಣ್ಣ ಸಂಗತಿಯೇನಲ್ಲ. 1938ರಲ್ಲಿ ಕಾಂಗ್ರೆಸ್ ಪಕ್ಷವು ಜವಾಹರಲಾಲ್ ನೆಹರೂ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಯೋಜನಾ ಸಮಿತಿ ರಚಿಸಿದ ಮೇಲೆ, ಅದರ ನೀರಾವರಿ ಉಪಸಮಿತಿಯ ನೇತೃತ್ವ ನಿಜಾಮರ ಈ ಅಧಿಕಾರಿಯ ಪಾಲಿಗೆ ಬಂದಿತು.

ಇನ್ನು ತುಂಗಭದ್ರೆಯ ವಿಚಾರ. ಅಂದಿನ ರಾಯಚೂರು ಜಿಲ್ಲೆಯ ಈ ಭಾಗ ಹೈದರಾಬಾದಿನ ತುತ್ತತುದಿ. ಗಂಗಾವತಿ, ಕುಷ್ಟಗಿಗಳು ನೇರವಾಗಿ ಸರ್ಕಾರದ ಆಡಳಿತದಲ್ಲಿದ್ದರೆ, ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಆನೆಗೊಂದಿ, ಗಂಗಾವತಿಗಳ ನದಿಪಾತ್ರದಲ್ಲಿ ವಿಜಯನಗರದ ಅರಸರು ತೋಡಿಸಿದ ಕಾಲುವೆಗಳು ಆಗಲೂ ಹರಿಯುತ್ತಿದ್ದವು. ಉಳಿದ ನೆಲವೆಲ್ಲ ಮಳೆ ನಂಬಿದ ಜೋಳ, ಸಜ್ಜೆ, ಹತ್ತಿ. ಮಳೆ ಕೈಕೊಟ್ಟರೆ ಗುಳೆ. ನದಿಗೆ ಅಣೆಕಟ್ಟು ಕಟ್ಟಿ ಬಳ್ಳಾರಿಯ ಕ್ಷಾಮ ನೀಗಬೇಕೆಂಬ ಆಲೋಚನೆ 1860ರಷ್ಟು ಹಿಂದೆಯೇ ಸರ್ ಆರ್ಥರ್ ಕಾಟನ್ ಅವರಿಂದ ಹೊರಟಿತ್ತಾದರೂ ಮದ್ರಾಸು, ಮೈಸೂರು, ಹೈದರಾಬಾದುಗಳ ನಡುವಿನ ಹಂಚಿಕೆಯ ತಕರಾರು ದಶಕಗಳ ಕಾಲ ಬಗೆಹರಿಯಲಿಲ್ಲ.

ಹೈದರಾಬಾದಿನ ಪರವಾಗಿ ಆ ಮಾತುಕತೆಯಲ್ಲಿ ಮುಂಚೂಣಿಯಲ್ಲಿದ್ದವರು ಅಲಿ ನವಾಜ್ ಜಂಗ್. ಮದ್ರಾಸಿನ ಬಳಿ ನೀರಾವರಿಯ ದೀರ್ಘ ಅನುಭವವೂ ಬ್ರಿಟಿಷ್ ಸರ್ಕಾರದ ಬಲವೂ ಇದ್ದವು. ಎದುರಿಗೆ ಇಲ್ಲಿನ ಎಂಜಿನಿಯರುಗಳ ಬಳಿ ಇದ್ದದ್ದು ನದಿಯ ಲೆಕ್ಕ, ನೆಲದ ಮಟ್ಟದ ಲೆಕ್ಕ. ಕೂಪರ್ಸ್ ಹಿಲ್‌ನಲ್ಲಿ ಕಲಿತ ವಿದ್ಯೆ ಇಲ್ಲಿ ಫಲ ಕೊಟ್ಟಿತೆನ್ನಬೇಕು. 1944ರ ಜೂನ್‌ನಲ್ಲಿ ಉಭಯ ಸರ್ಕಾರಗಳು ಒಪ್ಪಂದಕ್ಕೆ ಬಂದವು. ತಲಾ 65 ಟಿಎಂಸಿ, ಅಂದರೆ ಸರಿಸಮ ಪಾಲು. 1945ರ ಫೆಬ್ರುವರಿ 28ರಂದು ಎಡದಂಡೆಯಲ್ಲಿ ಬೇರಾರಿನ ರಾಜಕುಮಾರರೂ ಬಲದಂಡೆಯಲ್ಲಿ ಮದ್ರಾಸಿನ ಗವರ್ನರ್ ಸರ್ ಆರ್ಥರ್ ಹೋಪ್ ಅವರೂ ಶಂಕುಸ್ಥಾಪನೆ ನೆರವೇರಿಸಿದರು. ಒಂದೇ ಅಣೆಕಟ್ಟನ್ನು ಎರಡು ಸರ್ಕಾರಗಳು ಎರಡು ದಡಗಳಿಂದ ಕಟ್ಟುತ್ತ ಬಂದವು. ಹಾಗಾಗಿ ಇದನ್ನು ಒಬ್ಬರ ನಿರ್ಮಾಣವೆನ್ನಲಾಗದು. ಮದ್ರಾಸಿನ ಕಡೆಯ ಎಂಜಿನಿಯರ್ ತಿರುಮಲೆ ಅಯ್ಯಂಗಾರ್ ಅವರ ಹೆಸರನ್ನು ಹೊಸಪೇಟೆಯ ಜನ ಮರೆಯಲಾರರು. ಆದರೆ ಎಡದಂಡೆಗೆ ಅರ್ಧ ಪಾಲು ದಕ್ಕಿತೆಂಬುದರ ಹಿಂದೆ ಈ ನವಾಬರ ಶ್ರಮವಿದೆ.

ಕಾಮಗಾರಿ ನಡೆದಿರುವಾಗಲೇ ರಾಜಕೀಯ ಬುಡಮೇಲಾಯಿತು. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತದ ಒಕ್ಕೂಟದಲ್ಲಿ ವಿಲೀನವಾಯಿತು. 1949ರಲ್ಲಿ ಜಹಗೀರುಗಳು ರದ್ದಾದವು. ಅದೇ ವರ್ಷದ ಡಿಸೆಂಬರ್ 6ರಂದು ಅಲಿ ನವಾಜ್ ಜಂಗ್ ನಿಧನರಾದರು. ಮುನಿರಾಬಾದಿನ ಕಾಲುವೆಗೆ ನೀರು ಹರಿದದ್ದು 1953ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

ಹರಿದ ನೀರು ಎಲ್ಲರ ಹೊಲವನ್ನೂ ಮುಟ್ಟಲಿಲ್ಲ. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,633 ಅಡಿ. ಗಂಗಾವತಿ ಅದಕ್ಕಿಂತ ಬಹಳ ಕೆಳಗಿದೆ. ಕುಷ್ಟಗಿ, ಯಲಬುರ್ಗಾ ಪಟ್ಟಣಗಳು ಮೇಲಿವೆ. ಕೊಪ್ಪಳ ಪಟ್ಟಣವೂ ಮೇಲೆಯೇ ಇದ್ದು, ತಾಲ್ಲೂಕಿನ ನದಿಪಕ್ಕದ ಹಳ್ಳಿಗಳಿಗಷ್ಟೇ ಕಾಲುವೆಯ ಭಾಗ್ಯ. ಇಳಿಜಾರನ್ನು ನೆಚ್ಚಿ ಹರಿಯುವ ಕಾಲುವೆ ಗುಡ್ಡ ಏರುವುದಿಲ್ಲ. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಗಂಗಾವತಿಯನ್ನು ಹಾಯ್ದು ಸಿಂಧನೂರು, ಮಾನ್ವಿ, ರಾಯಚೂರಿನತ್ತ ಸಾಗಿತು. ಬೆನ್ನ ಹಿಂದಿನ ಎರಡು ತಾಲ್ಲೂಕುಗಳ ಬಹುಭಾಗ ಒಣ ಬೇಸಾಯದಲ್ಲೇ ಉಳಿಯಿತು. ಅಣೆಕಟ್ಟು ಇದೇ ಜಿಲ್ಲೆಯಲ್ಲಿದ್ದೂ ಕುಷ್ಟಗಿಯ ಕೂಲಿಕಾರ ದುಡಿಮೆ ಅರಸಿ ಮಂಗಳೂರು, ಗೋವಾ ಬಸ್ಸು ಹತ್ತಬೇಕಾಗಿ ಬಂದುದಕ್ಕೆ ಅಧಿಕಾರಿಗಳ ಪಕ್ಷಪಾತಕ್ಕಿಂತ ನೆಲದ ಏರಿಳಿತವೇ ಮುಖ್ಯ ಕಾರಣ.

ಕೆಳಗಿನ ನೆಲದ ಕಥೆಯೂ ಯೋಜಕರ ಎಣಿಕೆಯಂತೆ ನಡೆಯಲಿಲ್ಲ. ಬರದ ನಾಡಿನ ಹೆಚ್ಚು ಹೊಲಗಳಿಗೆ ತೆಳುವಾಗಿ ನೀರು ಹಂಚಿ ಜೋಳ, ಹತ್ತಿಯಂಥ ಬೆಳೆಗಳನ್ನು ಕಾಪಾಡುವುದು ಈ ಯೋಜನೆಯ ಆಶಯವಾಗಿತ್ತು; ಭತ್ತಕ್ಕೆ ಮೀಸಲಾದ ಪಾಲು ಸಣ್ಣದು. ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರು ಭತ್ತದ ವಿದ್ಯೆಯನ್ನು ಜೊತೆಗೆ ತಂದರು. ಸ್ಥಳೀಯರೂ ಅದನ್ನೇ ಅನುಸರಿಸಿದರು. ಗಂಗಾವತಿಗೆ ಭತ್ತದ ಕಣಜವೆಂಬ ಹೆಸರು ಬಂದಿತು, ಅಕ್ಕಿ ಗಿರಣಿಗಳು ಸಾಲುಗಟ್ಟಿದವು. ಆದರೆ ಮೇಲ್ಭಾಗದವರ ಗದ್ದೆ ಕುಡಿದ ನೀರು ಕೆಳಭಾಗದ ಮಾನ್ವಿ, ರಾಯಚೂರಿನ ರೈತನಿಗೆ ತಲುಪಲಿಲ್ಲ. ಕೊನೆಯಂಚಿನ ರೈತರ ಹೋರಾಟ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಜೊತೆಗೆ ಹೂಳು. 133 ಟಿಎಂಸಿ ಹಿಡಿಯಲೆಂದು ಕಟ್ಟಿದ ಜಲಾಶಯದ ಸಾಮರ್ಥ್ಯ ಏಳು ದಶಕಗಳಲ್ಲಿ 105 ಟಿಎಂಸಿಯ ಆಸುಪಾಸಿಗೆ ಕುಗ್ಗಿದೆ. 2024ರ ಆಗಸ್ಟ್‌ನಲ್ಲಿ ಮೂವತ್ತಮೂರು ಗೇಟುಗಳ ಪೈಕಿ ಹತ್ತೊಂಬತ್ತನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಎರಡೂ ದಂಡೆಗಳ ರೈತರು ಕೆಲ ದಿನ ಉಸಿರು ಬಿಗಿಹಿಡಿದಿದ್ದರು.

1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ಸೇರಿ ಪ್ರತ್ಯೇಕ ಜಿಲ್ಲೆಯಾದವು. ಎತ್ತರದ ತಾಲ್ಲೂಕುಗಳಿಗೆ ಕೃಷ್ಣೆಯ ನೀರನ್ನು ಪಂಪುಗಳಿಂದ ಮೇಲೆತ್ತಿ ತರುವ ಕೊಪ್ಪಳ ಏತ ನೀರಾವರಿ ಯೋಜನೆಗಾಗಿ ಅಲ್ಲಿನ ಜನ ವರ್ಷಗಟ್ಟಲೆ ಹೋರಾಡಿದ್ದಾರೆ. ನದಿಯನ್ನು ವಿದ್ಯುತ್ತಿನ ಬಲದಿಂದ ಗುಡ್ಡ ಹತ್ತಿಸುವ ಲೆಕ್ಕ ಅಲಿ ನವಾಜ್ ಜಂಗ್ ಅವರ ಪೀಳಿಗೆಯ ನಕ್ಷೆಗಳಲ್ಲಿ ಇರಲಿಲ್ಲ; ಅವರ ಕಾಲುವೆಗಳೆಲ್ಲ ಇಳಿಜಾರಿನವು.