ಶಾಹೂ ಮಹಾರಾಜರು ಮತ್ತು ಲಗ್ನದ ಬಾಗಿಲು



ರಾಜರ್ಷಿ ಶಾಹೂ ಮಹಾರಾಜರ ಹೆಸರು ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆ ಯಾರಿಗೆ ಗೊತ್ತಿಲ್ಲ ಹೇಳ್ರಿ? ಮೀಸಲಾತಿ ಕೊಟ್ಟವರು, ಬೋರ್ಡಿಂಗ್ ಕಟ್ಟಿಸಿದವರು, ಸಾಲಿ ಕಡ್ಡಾಯ ಮಾಡಿದವರು ಅಂತ ಸಣ್ಣ ಮಕ್ಕಳೂ ಹೇಳ್ತಾವ. ಪ್ರತಿ ವರ್ಷ ಜೂನ್ 26ಕ್ಕೆ ಫೋಟೋಕ್ಕೆ ಹಾರ ಹಾಕ್ತೀವಿ, ಭಾಷಣ ಕೇಳ್ತೀವಿ. ಆದರೆ ಅವರು ಕೈ ಹಾಕಿದ ಇನ್ನೊಂದು ಕೆಲಸದ ಮಾತು ಭಾಷಣದಾಗ ಕಡಿಮೆ ಬರ್ತೈತಿ. ಅದು ಲಗ್ನದ ಕೆಲಸ. ಈ ಲೇಖನದಲ್ಲಿ ಮಹಾರಾಜರ ಜೀವನವನ್ನು ಆ ಒಂದು ದಾರ ಹಿಡಿದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಒಂದು ಪ್ರಶ್ನೆ. ಲಗ್ನ ಯಾತಕ್ಕ? ಒಂದೊಂದು ಧರ್ಮದಲ್ಲಿ ಒಂದೊಂದು ಪದ್ಧತಿ ಐತಿ. ಹಿಂದೂಗಳಲ್ಲಿ ಅರಿಶಿಣ, ಅಕ್ಷತೆ, ಸಪ್ತಪದಿ. ಮುಸಲ್ಮಾನರ ನಿಕಾಹ್ ಅಂದರೆ ಒಂದು ಕರಾರು. ಸಾಕ್ಷಿದಾರರ ಮುಂದೆ ಒಪ್ಪಿಗೆ ಕೇಳ್ತಾರ, ಮೆಹರ್ ಹೆಣ್ಣಿನ ಹಕ್ಕು. ಕ್ರೈಸ್ತರಲ್ಲಿ ಚರ್ಚಿನೊಳಗೆ ಮೊದಲೇ ಸಭೆಗೆ ಸುದ್ದಿ ಓದಿ ಹೇಳ್ತಾರ, ಆಮೇಲೆ ಇಬ್ಬರೂ ಬಾಯಿಬಿಟ್ಟು ಒಪ್ಪಿಗೆ ಹೇಳಬೇಕು. ಜೋತಿರಾವ್ ಫುಲೆ 1873ರಲ್ಲಿ ಸತ್ಯಶೋಧಕ ಸಮಾಜ ಕಟ್ಟಿ ಪುರೋಹಿತರಿಲ್ಲದೆ ಲಗ್ನ ಮಾಡಿಸಿದರು. 1956ರ ಧಮ್ಮದೀಕ್ಷೆಯ ನಂತರ ನಮ್ಮ ಬೌದ್ಧ ಬಂಧುಗಳು ಬುದ್ಧ ಮತ್ತು ಬಾಬಾಸಾಹೇಬರ ಫೋಟೋದ ಮುಂದೆ ತ್ರಿಶರಣ-ಪಂಚಶೀಲ ಹೇಳಿ ಲಗ್ನ ಆಗ್ತಾರ. ಪದ್ಧತಿ ಬೇರೆ ಬೇರೆ, ಆದರೆ ಎಲ್ಲರ ಉದ್ದೇಶದಾಗ ಒಂದು ಮಾತು ಸಮ ಐತಿ: ಇಬ್ಬರು ಕೂಡಿ ಬಾಳಬೇಕು, ಅದಕ್ಕೆ ಮಂದಿ ಸಾಕ್ಷಿ ಇರಬೇಕು, ಹುಟ್ಟುವ ಮಕ್ಕಳಿಗೆ ಹೆಸರು-ಹಕ್ಕು ಇರಬೇಕು.

ನಮ್ಮ ದೇಶದಲ್ಲಿ ಮಾತ್ರ ಲಗ್ನಕ್ಕೆ ಇನ್ನೊಂದು ಕೆಲಸ ಹಚ್ಚಿದ್ದಾರೆ. ಅದು ಜಾತಿಯ ಕಾವಲು. ಬಾಬಾಸಾಹೇಬರು 1916ರಲ್ಲಿ ನ್ಯೂಯಾರ್ಕಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಇದನ್ನು ತೋರಿಸಿಕೊಟ್ಟರು. ತನ್ನ ಜಾತಿಯೊಳಗೇ ಹೆಣ್ಣು ಕೊಡೋದು, ತರೋದು ನಿಂತರೆ ಜಾತಿಯೇ ನಿಲ್ಲುವುದಿಲ್ಲ ಎಂಬುದು ಅವರ ವಾದ. ಅವರು ಪುಸ್ತಕದ ದಾರಿಯಿಂದ ಬಂದ ಜಾಗಕ್ಕೆ ಶಾಹೂ ಮಹಾರಾಜರು ಗಾದಿಯ ದಾರಿಯಿಂದ ಬಂದರು.

ಮಹಾರಾಜರು ಹುಟ್ಟಿದ್ದು 26 ಜೂನ್ 1874ರಂದು, ಕಾಗಲ್‌ನ ಘಾಟಗೆ ಮನೆತನದಲ್ಲಿ. ಹುಟ್ಟು ಹೆಸರು ಯಶವಂತರಾವ್. ತಾಯಿ ರಾಧಾಬಾಯಿ ಮುಧೋಳದ ರಾಜಮನೆತನದವರು, ಅಂದರೆ ಮಹಾರಾಜರ ಸೋದರಮಾವನ ಮನೆ ನಮ್ಮ ಕನ್ನಡ ನೆಲ. ಮೂರು ವರ್ಷದ ಕೂಸಿದ್ದಾಗಲೇ ತಾಯಿ ತೀರಿಕೊಂಡರು. 1884ರ ಮಾರ್ಚ್ ತಿಂಗಳಲ್ಲಿ ಕೊಲ್ಹಾಪುರದ ರಾಣಿ ಆನಂದೀಬಾಯಿ ಅವರನ್ನು ದತ್ತಕ ತೆಗೆದುಕೊಂಡು ಶಾಹೂ ಎಂದು ಹೆಸರಿಟ್ಟರು. ರಾಜಕೋಟದಲ್ಲಿ ಕಲಿತು, ಆಮೇಲೆ ಧಾರವಾಡದಲ್ಲಿ ಫ್ರೇಜರ್ ಎಂಬ ಇಂಗ್ಲಿಷ್ ಗುರುವಿನ ಕೈಕೆಳಗೆ ಓದಿದರು.

ಧಾರವಾಡದ ಓದು ಮುಗಿಯುವ ಮುಂಚೆಯೇ, 1891ರಲ್ಲಿ, ಬಡೋದೆಯ ಖಾನವಿಲಕರ ಮನೆತನದ ಲಕ್ಷ್ಮೀಬಾಯಿಯವರ ಜೊತೆ ಅವರ ಲಗ್ನವಾಯಿತು. ಅವರಿಗೆ 16 ದಾಟಿತ್ತು, ಮದುಮಗಳಿಗೆ ಇನ್ನೂ ಆಡೋ ವಯಸ್ಸು. ಹೆಣ್ಣುಮಕ್ಕಳ ಸಮ್ಮತಿಯ ವಯಸ್ಸನ್ನು ಸರಕಾರ 10ರಿಂದ 12ಕ್ಕೆ ಏರಿಸಿದ್ದೂ ಅದೇ ವರ್ಷ. ಅಷ್ಟಕ್ಕೇ ಪುಣೆಯ ಸನಾತನಿಗಳು ಧರ್ಮ ಮುಳುಗಿತು ಎಂದು ಕೂಗಾಡಿದ ಕಾಲ ಅದು. ರಾಜರ ಲಗ್ನವೂ ಕಾಲದ ರೂಢಿಯಂತೆಯೇ ಆಯಿತು.

1894ರ ಏಪ್ರಿಲ್‌ನಲ್ಲಿ ಕಾರಭಾರ ಕೈಗೆ ಬಂತು. 1899ರಲ್ಲಿ ಪಂಚಗಂಗೆಯ ಸ್ನಾನದ ಹೊತ್ತಿಗೆ ಪುರೋಹಿತರು ತಮಗೆ ವೇದಮಂತ್ರ ಹೇಳದೆ ಶೂದ್ರರಿಗೆ ಹೇಳುವ ಪುರಾಣದ ಮಂತ್ರ ಹೇಳುತ್ತಿರುವುದು ಗೊತ್ತಾಯಿತು. ಇದೇ ಪ್ರಸಿದ್ಧ ವೇದೋಕ್ತ ಪ್ರಕರಣ. ಗಾದಿ ಮೇಲೆ ಕುಂತ ರಾಜನಿಗೇ ಈ ಗತಿ ಆದರೆ, ಊರ ಹೊರಗಿನ ನಮ್ಮ ಹಿರಿಯರ ಗತಿ ಏನಿದ್ದೀತು ನೀವೇ ವಿಚಾರ ಮಾಡ್ರಿ. ಊರ ಗೌಡರ ಲಗ್ನಕ್ಕೆ ನಮ್ಮವರ ಹಲಗಿ ಬೇಕು, ನಮ್ಮವರು ಹೊತ್ತು ತಂದ ಕಟ್ಟಿಗಿ ಬೇಕು; ಹಂದರದೊಳಗೆ ಮಾತ್ರ ನಾವು ಬೇಡ.

ಆ ಅವಮಾನವನ್ನು ಮಹಾರಾಜರು ತಮ್ಮ ಒಬ್ಬರ ಮಾನದ ಜಗಳ ಎಂದು ಬಿಡಲಿಲ್ಲ. 26 ಜುಲೈ 1902ರಂದು ಸಂಸ್ಥಾನದ ನೌಕರಿಯಲ್ಲಿ 50 ಪ್ರತಿಶತ ಜಾಗ ಹಿಂದುಳಿದವರಿಗೆ ಕಾಯ್ದಿಡುವ ಹುಕುಂ ಹೊರಡಿಸಿದರು. ಒಂದೊಂದು ಸಮಾಜಕ್ಕೂ ಬೋರ್ಡಿಂಗ್ ಆದವು. 1917ರಲ್ಲಿ ಪ್ರಾಥಮಿಕ ಶಿಕ್ಷಣ ಪುಕ್ಕಟೆ ಮತ್ತು ಕಡ್ಡಾಯವಾಯಿತು. ನಮ್ಮ ಗಂಗಾರಾಮ ಕಾಂಬಳೆ ಕೊಲ್ಹಾಪುರದಲ್ಲಿ ಚಹಾದ ಹೋಟೆಲ್ ಇಟ್ಟಾಗ ಮಹಾರಾಜರೇ ಹೋಗಿ ಚಹಾ ಕುಡಿದರು, ಜೊತೆಗಿದ್ದ ಮೇಲ್ಜಾತಿಯವರಿಗೂ ಕುಡಿಸಿದರು. ಆದರೆ ಒಂದು ಕಪ್ ಚಹಾ ಕುಡಿಯೋದು ಒಂದು, ಬೀಗತನ ಮಾಡೋದು ಇನ್ನೊಂದು. ಚಹಾ ಕುಡಿದು ಮನೆಗೆ ಹೋಗಿ ಸ್ನಾನ ಮಾಡಿದರೆ ಆಯ್ತು ಅನ್ನೋ ಮಂದಿ ಆಗ ಬೇಕಾದಷ್ಟು ಇದ್ದರು. ಬೀಗತನ ಹಂಗೆ ತೊಳೆದರೆ ಹೋಗೂದಲ್ಲ.

ಲಗ್ನದ ಕಷ್ಟ ಏನೆಂಬುದು ಮಹಾರಾಜರಿಗೆ ಅರಮನೆಯೊಳಗೇ ಗೊತ್ತಾಯಿತು. ಮಗಳು ಅಕ್ಕಾಸಾಹೇಬರನ್ನು ದೇವಾಸದ ಮಹಾರಾಜರಿಗೆ ಕೊಟ್ಟಿದ್ದರು. ಆ ಸಂಸಾರ ಉಳಿಯಲಿಲ್ಲ, ಮಗಳು ತವರಿಗೆ ಬಂದು ನಿಂತರು. 1918ರ ಜೂನ್‌ನಲ್ಲಿ ಕಿರಿಯ ಮಗ ಶಿವಾಜಿ ಬೇಟೆಗೆ ಹೋದಾಗ ಅಪಘಾತದಲ್ಲಿ ತೀರಿಕೊಂಡರು. ಲಗ್ನವಾಗಿ ಒಂದು ವರ್ಷವಷ್ಟೇ ಆಗಿತ್ತು. ಸೊಸೆ ಇಂದುಮತಿಗೆ ಆಗ ಸುಮಾರು 12 ವರ್ಷ. ಆ ಕೂಸನ್ನು ಮೂಲೆಗೆ ಕೂಡ್ರಿಸಬೇಕು ಎಂಬುದು ರೂಢಿ. ಮಹಾರಾಜರು ರೂಢಿ ಮುರಿದು ಸೋನತಳಿಯಲ್ಲಿ ಅವರಿಗೆ ಓದಿನ ವ್ಯವಸ್ಥೆ ಮಾಡಿದರು, ಅರಮನೆಯ ವಿರೋಧಕ್ಕೆ ಸೊಪ್ಪು ಹಾಕಲಿಲ್ಲ. ಆದರೆ ವಿಧವೆಯರ ಮರುಲಗ್ನಕ್ಕೆ 1917ರಲ್ಲೇ ಕಾನೂನು ಮಾಡಿದ ರಾಜರ ಮನೆಯಲ್ಲಿ ಸೊಸೆಯ ಮರುಲಗ್ನ ಆಗಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕಾನೂನು ಬರೆಯೋದಕ್ಕಿಂತ ಮನೆತನದ ಗೋಡೆ ದಾಟೋದು ಕಠಿಣ.

ಇಲ್ಲೊಂದು ವಿಚಾರ. ನಮ್ಮ ಕೇರಿಗಳಲ್ಲಿ ಉಡಕಿ ಮೊದಲಿಂದಲೂ ಇತ್ತು, ಗಂಡ ಸತ್ತವಳಿಗೆ ಮತ್ತೆ ಸಂಸಾರ ಇತ್ತು. ಬಾಳುವೆ ಆಗದಿದ್ದರೆ ಪಂಚರ ಮುಂದೆ ಸೋಡಚೀಟಿ ಇತ್ತು. ಇದನ್ನೇ ಮೇಲಿನವರು ಕೀಳು ಪದ್ಧತಿ ಅಂತ ಹೀಯಾಳಿಸುತ್ತಿದ್ದರು. ಆಮೇಲೆ ಮಹಾರಾಜರ ಕಾನೂನು, ಅದಕ್ಕೂ ಆಮೇಲೆ ದೇಶದ ಕಾನೂನು, ಎಲ್ಲ ನಮ್ಮ ಆ ಪದ್ಧತಿಯ ದಾರಿಗೇ ಬಂದವು.

1919 ಬಹಳ ಮಹತ್ವದ ವರ್ಷ. ಆಗ ಇಂಗ್ಲಿಷರ ರಾಜ್ಯದಲ್ಲಿ 1872ರ ಕಾನೂನು ನಡೆಯುತ್ತಿತ್ತು. ಆ ಕಾನೂನಿನಡಿ ಲಗ್ನ ಆಗಬೇಕೆಂದರೆ ನಾನು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಜೈನ ಅಲ್ಲ, ಬೌದ್ಧ ಅಲ್ಲ ಎಂದು ಬರೆದುಕೊಡಬೇಕು. 1918ರಲ್ಲಿ ವಿಠ್ಠಲಭಾಯಿ ಪಟೇಲರು ಹಿಂದೂಗಳ ಅಂತರಜಾತಿ ಲಗ್ನಕ್ಕೆ ಮಸೂದೆ ತಂದರು. ಸನಾತನಿಗಳು ವಿರೋಧ ಮಾಡಿದರು, ಶಾಹೂ ಮಹಾರಾಜರು ಬೆಂಬಲಿಸಿದರು. ಆ ಮಸೂದೆ ಪಾಸಾಗಲಿಲ್ಲ. ಮಹಾರಾಜರು ಅಷ್ಟಕ್ಕೆ ಸುಮ್ಮನಾಗಲಿಲ್ಲ, 1919ರ ಜುಲೈನಲ್ಲಿ ತಮ್ಮ ಸಂಸ್ಥಾನದಲ್ಲಿ ಅಂತರಜಾತಿ ಲಗ್ನವನ್ನು ಕಾನೂನುಬದ್ಧ ಮಾಡಿದರು. ಹೆಂಗಸರ ಮೇಲೆ ಮನೆಯೊಳಗೆ ನಡೆಯುವ ಕ್ರೌರ್ಯ ತಡೆಯಲು, ಸೋಡಚೀಟಿಯ ನಿಯಮ ಮಾಡಲು ಅದೇ ವರ್ಷ ಬೇರೆ ಕಾನೂನು ಬಂದವು. ಅಂತರಜಾತಿ ಲಗ್ನ ಸಿಂಧು ಎಂಬ ಕಾನೂನು ಇಡೀ ದೇಶಕ್ಕೆ ಬಂದದ್ದು 1949ರಲ್ಲಿ. 30 ವರ್ಷ ಮೊದಲೇ ನಮ್ಮ ಕೊಲ್ಹಾಪುರ ಆ ಬಾಗಿಲು ತೆರೆದಿತ್ತು.

ಗಡಹಿಂಗ್ಲಜ ಕಡೆಯವರಿಗೆ ಇನ್ನೊಂದು ಲಗ್ನ ಗೊತ್ತು. ಅದು ದೇವರ ಹೆಸರಿನಲ್ಲಿ ಮುತ್ತು ಕಟ್ಟೋದು. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ನಮ್ಮ ಕೇರಿಯ ಹೆಣ್ಣುಮಕ್ಕಳನ್ನು ಬಿಡುತ್ತಿದ್ದರು. ಹೆಸರಿಗೆ ಲಗ್ನ, ಆದರೆ ಗಂಡನೂ ಇಲ್ಲ, ಮಕ್ಕಳಿಗೆ ತಂದೆಯ ಹೆಸರೂ ಇಲ್ಲ, ಆಸ್ತಿಯೂ ಇಲ್ಲ. ಮಹಾರಾಜರು 1920ರಲ್ಲಿ ಜೋಗತಿಯರ ಮತ್ತು ಲಗ್ನದ ಹೊರಗೆ ಹುಟ್ಟಿದ ಮಕ್ಕಳ ವಾರಸಾ ಹಕ್ಕಿನ ಕಾನೂನು ಮಾಡಿದರು. ಕರ್ನಾಟಕ ಸರಕಾರ ದೇವದಾಸಿ ನಿಷೇಧ ಕಾಯ್ದೆ ತಂದದ್ದು 1982ರಲ್ಲಿ.

ಮಹಾರಾಜರು ಕಾನೂನಿನ ಜೊತೆ ಕೃತಿಯನ್ನೂ ಮಾಡಹೊರಟರು. ಇಂದೋರದ ಹೋಳಕರರು ಧನಗರರು, ಅಂದರೆ ನಮ್ಮ ಕಡೆಯ ಹಾಲುಮತದವರು. ಮರಾಠಾ ಮತ್ತು ಧನಗರರ ನಡುವೆ ಲಗ್ನಗಳು ಆಗಬೇಕೆಂದು ಯೋಜನೆ ಹಾಕಿ, ತಮ್ಮದೇ ಘಾಟಗೆ ಮನೆತನದ ಹೆಣ್ಣನ್ನು ಹೋಳಕರರಿಗೆ ಕೊಡಲು ನಿಶ್ಚಯಿಸಿದರು. ಅವರು ತೀರಿದ ಮೇಲೆ, 1924ರಲ್ಲಿ, ಆ ಲಗ್ನ ನಡೆಯಿತು. ಸಣ್ಣ ಮಾತಲ್ಲ ಅದು. ಆದರೂ ಓದುಗರೇ, ಆ ಸೇತುವೆ ನಮ್ಮ ಕೇರಿಯ ತನಕ ಬಂದು ಮುಟ್ಟಲಿಲ್ಲ ಎಂಬುದು ನಿಜ. ನಮ್ಮ ತನಕ ಬರುವ ಸೇತುವೆ ಎಷ್ಟು ದುಬಾರಿ ಎಂಬುದು 12ನೇ ಶತಮಾನದ ಕಲ್ಯಾಣಕ್ಕೆ ಗೊತ್ತು. ಬ್ರಾಹ್ಮಣ ಮೂಲದ ಮಧುವರಸರ ಮಗಳು, ಸಮಗಾರ ಹರಳಯ್ಯನವರ ಮಗ ಲಗ್ನವಾದ ತಪ್ಪಿಗೆ ಬೀಗರಿಬ್ಬರಿಗೂ ಎಳೆಹೂಟೆ ಶಿಕ್ಷೆ ಆಯಿತು, ಕಲ್ಯಾಣ ಹೊತ್ತಿ ಉರಿಯಿತು ಎಂದು ಶರಣರ ಚರಿತ್ರೆ ಹೇಳುತ್ತದೆ.

1920ರ ಮಾರ್ಚ್‌ನಲ್ಲಿ ಇಚಲಕರಂಜಿಯ ಹತ್ತಿರದ ಮಾಣಗಾಂವದಲ್ಲಿ ಅಸ್ಪೃಶ್ಯರ ಪರಿಷತ್ತು ನಡೆಯಿತು. ಅಧ್ಯಕ್ಷರು ತರುಣ ಬಾಬಾಸಾಹೇಬರು. ಮಹಾರಾಜರು ಬಂದು, ನಿಮ್ಮ ನಾಯಕ ನಿಮಗೆ ಸಿಕ್ಕಿದ್ದಾನೆ ಎಂಬ ಅರ್ಥದ ಮಾತಾಡಿದರು. ಅದಾಗಿ ಎರಡೇ ವರ್ಷಕ್ಕೆ, 6 ಮೇ 1922ರಂದು, ಮುಂಬಯಿಯಲ್ಲಿ ಮಹಾರಾಜರು ಕಣ್ಣುಮುಚ್ಚಿದರು. ವಯಸ್ಸು 47. ಮಾಣಗಾಂವದ ಆ ತರುಣ 1936ರಲ್ಲಿ ಜಾತಿನಾಶಕ್ಕೆ ಅಂತರಜಾತಿ ಲಗ್ನವೇ ನಿಜವಾದ ಮದ್ದು ಎಂದು ಬರೆದರು. 1948ರಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದ ಡಾಕ್ಟರ್ ಶಾರದಾ ಕಬೀರರನ್ನು ರಿಜಿಸ್ಟರ್ ಲಗ್ನವಾದರು.

ಈಗ ನಮ್ಮ ಕಡೆ ತಿರುಗಿ ನೋಡೋಣ. ಇಚಲಕರಂಜಿಯ ಪಾವರ್‌ಲೂಮ್ ಶೆಡ್ಡಿನೊಳಗೆ ಎಲ್ಲ ಜಾತಿಯವರು, ಕನ್ನಡದವರು, ಮರಾಠಿಯವರು ಒಂದೇ ಪಾಳಿಯಲ್ಲಿ ದುಡೀತಾರ, ಒಂದೇ ಕಟ್ಟೆ ಮೇಲೆ ಚಹಾ ಕುಡೀತಾರ. ಮಗಳ ಲಗ್ನದ ಮಾತು ಬಂದರೆ ಮಾತ್ರ ಪ್ರತಿಯೊಬ್ಬರೂ ತಮ್ಮ ತಮ್ಮ ಗಲ್ಲಿಗೆ ಹೋಗ್ತಾರ. ಮೇಲಿನವರನ್ನಷ್ಟೇ ದೂರಿದರೆ ಆಗೂದಿಲ್ಲ. ಹೊಲೆಯರು, ಮಾದಿಗರು, ಸಮಗಾರರು, ಢೋರರು ಒಂದೇ ಜಯಂತಿಯಲ್ಲಿ ಕುಣೀತೀವಿ, ಒಂದೇ ಸಂಘದ ವರ್ಗಣಿ ಕೊಡ್ತೀವಿ. ನಮ್ಮ ನಮ್ಮೊಳಗೆ ಹೆಣ್ಣು ಕೊಡೋದು ತರೋದು ಎಷ್ಟು ನಡದೈತಿ? ಮೇಲಿನ ಮೆಟ್ಟಿಲಿನವರು ನಮಗೆ ಬಾಗಿಲು ತೆರೀಲಿ ಎನ್ನುವ ನಾವು ಪಕ್ಕದ ಕೇರಿಗೆ ಬಾಗಿಲು ಹಾಕಿಕೊಂಡು ಕುಂತರೆ, ಮಹಾರಾಜರ ಫೋಟೋಕ್ಕೆ ಹಾಕಿದ ಹಾರಕ್ಕೆ ಏನು ಅರ್ಥ?

1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಜಾತಿ-ಧರ್ಮ ಬೇರೆ ಇದ್ದ ಇಬ್ಬರು ಲಗ್ನ ಆಗಬಹುದು. 30 ದಿನ ಮೊದಲು ನೋಟಿಸು ಕೊಡಬೇಕು, ಮೂವರು ಸಾಕ್ಷಿ ಬೇಕು. ಆ 30 ದಿನ ಆ ಹುಡುಗ-ಹುಡುಗಿಗೆ ಎಷ್ಟು ಭಯದ ದಿನಗಳು ಎಂಬುದು ಪೇಪರ್ ಓದುವ ಎಲ್ಲರಿಗೂ ಗೊತ್ತೈತಿ. ಮನೆಯವರು ಬರುವುದಿಲ್ಲ, ಗೆಳೆಯರು ಹೆದರುತ್ತಾರೆ, ಮೂವರು ಸಾಕ್ಷಿ ಸಿಗುವುದೇ ಕಷ್ಟ. ಈ ವಾರ್ಷಿಕೋತ್ಸವದ ಹೊತ್ತಿಗೆ ನಮ್ಮ ಯುವಕ ಸಂಘದ ಮುಂದೆ ನನ್ನದೊಂದು ವಿನಂತಿ. ಯಾವುದೇ ಜಾತಿಯ ಇಬ್ಬರು ಮನಸಾರೆ ಒಪ್ಪಿ ಬಂದರೆ, ಕಚೇರಿಗೆ ಹೋಗಿ ಸಹಿ ಮಾಡಲು ನಮ್ಮ ಸಂಘದ ಮೂವರು ಯಾವಾಗಲೂ ತಯಾರಿರಲಿ. ಅದರಲ್ಲಿ ಒಬ್ಬಳು ಅಕ್ಕ ಇರಲಿ. ಮಹಾರಾಜರು 1919ರಲ್ಲಿ ಸಹಿ ಮಾಡಿ ತಮ್ಮ ಪಾಲಿನ ಕೆಲಸ ಮುಗಿಸಿದ್ದಾರೆ. ಇನ್ನುಳಿದ ಮೂರು ಸಹಿ ನಮ್ಮವು.

ಜೈ ಶಾಹೂ, ಜೈ ಭೀಮ್.