ನಿರಾಶ್ರಿತರ ಕೈಗೆ ಕೆಲಸ ಕೊಟ್ಟ ಮಂಗಳೂರಿನ ಮಗಳು

ಕಮಲಾದೇವಿ ಚಟ್ಟೋಪಾಧ್ಯಾಯ ಎಂದ ಕೂಡಲೇ ನೆನಪಾಗುವುದು ಕರಕುಶಲ ಕಲೆ, ಕೈಮಗ್ಗ, ರಂಗಭೂಮಿ. ದೇಶ ವಿಭಜನೆಯಲ್ಲಿ ಮನೆಮಠ ಕಳಕೊಂಡವರಿಗಾಗಿ ಅವರು ದುಡಿದದ್ದು ಅವರ ಹುಟ್ಟೂರಿನಲ್ಲೇ ಹೆಚ್ಚಿನವರಿಗೆ ಗೊತ್ತಿಲ್ಲ.

1903ರ ಎಪ್ರಿಲ್ 3ರಂದು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಉಯಿಲು ಇರಲಿಲ್ಲ. ಆಗಿನ ಕಾನೂನಿನಂತೆ ಆಸ್ತಿಯೆಲ್ಲ ತಂದೆಯ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಯ ಪಾಲಿಗೆ ಉಳಿದದ್ದು ತಿಂಗಳ ಖರ್ಚಿನ ಹಣ ಮಾತ್ರ. ಅದು ಬೇಡವೆಂದ ಆ ತಾಯಿ, ತವರಿನಿಂದ ತಂದ ಸ್ವಂತ ಸೊತ್ತಿನಲ್ಲೇ ಮಕ್ಕಳನ್ನು ಸಾಕಿದರು. ಇನ್ನೊಬ್ಬರ ಮುಂದೆ ಕೈಚಾಚಿ ಬದುಕಬಾರದು ಎಂಬ ಪಾಠ ಕಮಲಾದೇವಿಗೆ ಸಿಕ್ಕಿದ್ದು ಮನೆಯಲ್ಲೇ.

ಮುಂದೆ ಅವರು ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು ಸೇರಿದರು. 1947ರಲ್ಲಿ ಸ್ವಾತಂತ್ರ್ಯ ಬಂತು, ಜೊತೆಗೆ ವಿಭಜನೆಯೂ ಬಂತು. ದೆಹಲಿಯ ಸುತ್ತಮುತ್ತ ನಿರಾಶ್ರಿತರ ಶಿಬಿರಗಳು ತುಂಬಿ ತುಳುಕಿದವು. ನಿನ್ನೆ ತನಕ ಹೊಲ, ಅಂಗಡಿ ಇದ್ದವರು ಇವತ್ತು ರೇಷನ್ನಿಗೆ ಸಾಲು ನಿಂತಿದ್ದರು. ಹೀಗೇ ಕೂತು ಉಂಡರೆ ಇವರು ಮತ್ತೆ ಎದ್ದು ನಿಲ್ಲಲಾರರು ಎಂದು ಕಮಲಾದೇವಿಗೆ ಅನಿಸಿತು.

1948ರಲ್ಲಿ ಅವರು ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿದರು. ದೆಹಲಿ ಬಳಿಯ ಛತ್ತರ್‌ಪುರದಲ್ಲಿ ನಿರಾಶ್ರಿತ ರೈತರು ಸಹಕಾರಿ ಪದ್ಧತಿಯಲ್ಲಿ ಬೇಸಾಯಕ್ಕೆ ಇಳಿದರು. ಆಮೇಲೆ ಫರೀದಾಬಾದ್. ವಾಯವ್ಯ ಗಡಿ ಪ್ರಾಂತ್ಯದಿಂದ ಓಡಿ ಬಂದ ಸಾವಿರಾರು ಕುಟುಂಬಗಳಿಗೆ ಅಲ್ಲಿ ಹೊಸ ಊರು ಏಳಬೇಕಿತ್ತು. ಗುತ್ತಿಗೆದಾರರ ಕೈಗೆ ಕೊಟ್ಟರೆ ಮನೆಯೇನೋ ಎದ್ದೀತು, ಆದರೆ ಕೂಲಿ ಹೊರಗಿನವರ ಪಾಲಾಗುತ್ತಿತ್ತು. ಹಾಗಾಗಿ ನಿರಾಶ್ರಿತರದ್ದೇ ಸಹಕಾರಿ ಸಂಘಗಳಾದವು. ಗಾರೆ ಕೆಲಸ ಗೊತ್ತಿಲ್ಲದವರೂ ಕಲಿತರು, ತಮ್ಮ ಮನೆಗಳನ್ನು ತಾವೇ ಕಟ್ಟಿದರು. ಕೂಲಿಯೂ ಸಿಕ್ಕಿತು, ಕಸುಬೂ ಸಿಕ್ಕಿತು.

ಆ ಪ್ರಯೋಗ ಬಹುಕಾಲ ಬಾಳಲಿಲ್ಲ. ಸರಕಾರಿ ಇಲಾಖೆಗಳ ಹಿಡಿತ ಬಿಗಿಯಾದಂತೆ ಜನರ ಕೈಯಲ್ಲಿದ್ದ ಅಧಿಕಾರ ಜಾರಿತು. ಕಮಲಾದೇವಿ ಮಾತ್ರ ಕೈಕಟ್ಟಿ ಕೂರಲಿಲ್ಲ. ವಸ್ತು ತಯಾರಿಸಿದರೆ ಸಾಲದು, ಕೊಳ್ಳುವವರು ಬೇಕಲ್ಲ? ದೆಹಲಿಯ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಅನ್ನು ಅವರ ಯೂನಿಯನ್ ವಹಿಸಿಕೊಂಡು, ದೇಶದ ಕುಶಲಕರ್ಮಿಗಳಿಗೆ ದೊಡ್ಡ ಮಾರುಕಟ್ಟೆ ಮಾಡಿಕೊಟ್ಟಿತು. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಗೆ ಅವರೇ ಅಧ್ಯಕ್ಷೆಯಾದರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1988ರ ಅಕ್ಟೋಬರ್ 29ರಂದು ಅವರು ನಿಧನರಾದರು.

ನೆರೆಯೋ ಗಲಭೆಯೋ ಬಂದಾಗ ನಾವು ಅಕ್ಕಿ, ಬಟ್ಟೆಯ ಕಿಟ್ ಹಂಚಲು ಓಡುತ್ತೇವೆ. ಅದು ಬೇಕು, ಹಸಿವು ಕಾಯುವುದಿಲ್ಲ. ಆದರೆ ಕಿಟ್ ಮುಗಿದ ಮರುದಿನ ಆ ಮನೆಯ ಯಜಮಾನ ಎಲ್ಲಿಗೆ ಕೆಲಸಕ್ಕೆ ಹೋಗುತ್ತಾನೆ? ಹೊಲಿಗೆ ಮಿಷನ್ ಪಡೆದ ತಂಗಿ ಹೊಲಿದ ಬಟ್ಟೆಯನ್ನು ಯಾರಿಗೆ ಮಾರುತ್ತಾಳೆ? ಪರಿಹಾರಕ್ಕೆ ಹೊರಡುವ ಪ್ರತಿಯೊಂದು ಸಂಘ, ಜಮಾಅತ್ ಈ ಎರಡು ಪ್ರಶ್ನೆಗಳನ್ನೂ ಜೊತೆಗೆ ಒಯ್ಯಲಿ.